ಲೈಫ್‌ಟೈಮ್ ಡ್ರೈವ್ ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ

‘ಅನ್‌ಲಿಮಿಟೆಡ್ ಗೂಗಲ್ ಡ್ರೈವ್, ಒಂದೇ ಸಲ ದುಡ್ಡು ಕಟ್ಟಿ, ಜೀವನಪೂರ್ತಿ ಬಳಸಿ’ ಅಂತ ಯಾರಾದರೂ ನಿಮ್ಮ ಅಂಗಡಿಗೋ ಪ್ರೆಸ್‌ಗೋ ಬಂದು ಹೇಳಿದ್ದರೆ, ದುಡ್ಡು ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಈಗಾಗಲೇ ಕೊಂಡಿದ್ದರೆ ಇವತ್ತೇ ಓದಿ. ನಾವು ಕೊಂಡಿದ್ದೆವು. ಹನ್ನೊಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಹನ್ನೆರಡು ವರ್ಷದ ಫೈಲುಗಳು ಇಲ್ಲವಾದವು.

ನಮ್ಮದು ಗದಗ-ಬೆಟಗೇರಿಯಲ್ಲಿ ಒಂದು ಸಣ್ಣ ಆಫ್‌ಸೆಟ್ ಪ್ರೆಸ್. ಅಪ್ಪ ಶುರು ಮಾಡಿದ್ದು. ನಮ್ಮ ಊರಿಗೆ ಮುದ್ರಣ ಕಾಶಿ ಅಂತಾನೇ ಹೆಸರು, ನಿಮಗೂ ಗೊತ್ತಿರಬಹುದು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆ ಮಕ್ಕಳ ಐಡಿ ಕಾರ್ಡ್, ದೀಪಾವಳಿ ಹೊತ್ತಿಗೆ ಕ್ಯಾಲೆಂಡರ್. ಈ ಕೆಲಸದಲ್ಲಿ ಹಳೇ ಫೈಲ್ ಅಂದ್ರೆ ಅರ್ಧ ಬಂಡವಾಳ. ಗಿರಾಕಿ ಬಂದು ‘ಹ್ವಾದ ವರ್ಷದ್ದ ಇರಲಿ, ತಾರೀಖು ಅಷ್ಟ ಬದಲಿ ಮಾಡ್ರಿ’ ಅಂತಾರೆ. ಫೈಲ್ ಇದ್ದರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಲೋಗೋ ಮತ್ತೆ ಬಿಡಿಸಬೇಕು, ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಎಲ್ಲ ಮತ್ತೆ ಟೈಪ್ ಮಾಡಬೇಕು, ಮತ್ತೆ ಪ್ರೂಫ್ ತೋರಿಸಬೇಕು. ಒಂದು ದಿನ ಹೋಗುತ್ತದೆ, ಅದಕ್ಕೆ ಗಿರಾಕಿ ದುಡ್ಡು ಕೊಡೋದಿಲ್ಲ.

ಎರಡು ವರ್ಷದ ಹಿಂದಿನವರೆಗೆ ಎಲ್ಲವೂ ನಾಲ್ಕು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ಇತ್ತು. ಅದರಲ್ಲಿ ಒಂದು ಟೇಬಲ್ ಮೇಲಿಂದ ಬಿದ್ದು ಟಿಕ್ ಟಿಕ್ ಅಂತ ಸದ್ದು ಮಾಡೋಕೆ ಶುರು ಮಾಡಿತು. ಆಗಲೇ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೇಲಿನ ಜಾಗಕ್ಕೆ, ಹಾಕೋಣ ಅಂತ ತೀರ್ಮಾನಿಸಿದೆವು. ಆ ತೀರ್ಮಾನ ಸರಿಯಾಗೇ ಇತ್ತು. ಜಿಮೇಲ್ ಜೊತೆ ಪುಕ್ಕಟೆ ಸಿಗೋದು 15 ಜಿಬಿ. ಮೇಲ್, ಫೋಟೋ, ಡ್ರೈವ್ ಮೂರಕ್ಕೂ ಸೇರಿ ಅಷ್ಟೇ. ನಮ್ಮದು 1.3 ಟಿಬಿ, ಅಂದರೆ ಸುಮಾರು 1,300 ಜಿಬಿ ಇತ್ತು. ತಿಂಗಳಿಗಿಷ್ಟು ಅಂತ ಕಟ್ಟಬೇಕಲ್ಲ ಅಂತ ಯೋಚನೆ ಮಾಡುತ್ತಿದ್ದಾಗ, ಹುಬ್ಬಳ್ಳಿಯಿಂದ ಕಂಪ್ಯೂಟರ್ ಸರ್ವಿಸ್‌ಗೆ ಬರುತ್ತಿದ್ದ ಒಬ್ಬರು ಹೇಳಿದರು:

‘ಅಣ್ಣಾರ, ತಿಂಗಳಾ ತಿಂಗಳಾ ರೊಕ್ಕ ಯಾಕ ಕಟ್ಟತೀರಿ? ನನ್ನ ಕಡೆ ಬಿಸಿನೆಸ್ ಐಡಿ ಅದಾವ್ರಿ. ಒಮ್ಮೆ ಐದೂವರೆ ಸಾವಿರ ಕೊಡ್ರಿ, ಮುಗೀತು.’

ಅವರು ಕೊಟ್ಟ ಐಡಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಮುಂದೆ ನಮ್ಮ ಪ್ರೆಸ್ ಹೆಸರು ಇತ್ತು. ಅಟ್ ಗುರುತಿನ ಆಚೆ ನಾವು ಕೇಳಿರದ ಯಾವುದೋ ಹೆಸರು, ಕೊನೆಯಲ್ಲಿ ಡಾಟ್ ಇಡಿಯು. ಇದೇನು ಅಂತ ಕೇಳಿದೆ. ‘ಅದು ಸರ್ವರ್ ಹೆಸರ್ರೀ’ ಅಂದರು. ಬಿಲ್ ಕೇಳಿದೆ, ಆಮೇಲೆ ಕಳಿಸ್ತೀನಿ ಅಂದರು. ದುಡ್ಡು ಅವರ ಸ್ವಂತ ನಂಬರ್‌ಗೆ ಫೋನ್‌ಪೇ ಮಾಡಿದೆ. ಆ ಮೂರು ಮಾತಿನಲ್ಲಿ ಒಂದನ್ನಾದರೂ ಗಟ್ಟಿಯಾಗಿ ಹಿಡಿದು ಕೇಳಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಡಾಟ್ ಇಡಿಯು ಅಂದರೆ ಕಾಲೇಜಿನ ವಿಳಾಸ. ಗೂಗಲ್ ತನ್ನ ಡ್ರೈವನ್ನು ಶಿಕ್ಷಣ ಸಂಸ್ಥೆಗಳಿಗೆ ಬೇರೆ ರೀತಿಯಲ್ಲಿ ಕೊಡುತ್ತದೆ. ಮೊದಲು ಅವಕ್ಕೆ ಜಾಗದ ಮಿತಿಯೇ ಇರಲಿಲ್ಲ. ಅಂಥ ಸಂಸ್ಥೆಗಳ ಅಕೌಂಟುಗಳನ್ನು ಯಾರೋ ಹೇಗೋ ತೆಗೆದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಮ್ಮಂಥವರ ತನಕ ಬರುವಷ್ಟರಲ್ಲಿ ಅದು ‘ಬಿಸಿನೆಸ್ ಐಡಿ’ ಆಗಿರುತ್ತದೆ. 2022ರ ಜುಲೈನಿಂದ ಗೂಗಲ್ ಆ ಮಿತಿಯಿಲ್ಲದ ಜಾಗವನ್ನು ನಿಲ್ಲಿಸಿ, ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಮೂಲ ಮಿತಿ ಹಾಕಿತು. ಜಾಗಕ್ಕೆ ಲೆಕ್ಕ ಬಂದ ಮೇಲೆ ಸಂಸ್ಥೆಯವರು ಸುಮ್ನೆ ಇರ್ತಾರಾ? ಯಾರು ಜಾಸ್ತಿ ಜಾಗ ತಿನ್ನುತ್ತಿದ್ದಾರೆ, ಇವರು ನಮ್ಮ ವಿದ್ಯಾರ್ಥಿಯೇ ಹೌದಾ ಅಂತ ನೋಡುತ್ತಾರೆ, ಅಲ್ಲದಿದ್ದರೆ ಮುಚ್ಚುತ್ತಾರೆ. ಅದು ಅವರ ಹಕ್ಕು. ಜಾಗ ಅವರದು.

ಇದೇ ತರಹ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಕೂಡ ‘ಲೈಫ್‌ಟೈಮ್ 5 ಟಿಬಿ’ ಅಂತ ಮಾರಾಟವಾಗುತ್ತದೆ. ಅದೂ ಇದೇ ಜಾತಿಯದು.

ಈಗ ನಾವು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. ಐದು ವಾರ ರಾತ್ರಿ ಪೂರ್ತಿ ಕಂಪ್ಯೂಟರ್ ಆನ್ ಇಟ್ಟು ಎಲ್ಲ ಫೈಲ್ ಮೇಲಕ್ಕೆ ಹಾಕಿದೆವು. ಕಂಪ್ಯೂಟರಿನಲ್ಲಿ ಸಿ, ಡಿ ಪಕ್ಕದಲ್ಲಿ ಜಿ ಅಂತ ಹೊಸ ಡ್ರೈವ್ ಬಂತು. ತೆಗೆದರೆ ಎಲ್ಲ ಫೋಲ್ಡರ್ ಕಾಣುತ್ತಿದ್ದವು. ಲಗ್ನಪತ್ರಿಕೆ, ಶಾಲೆ, ಕ್ಯಾಲೆಂಡರ್, ವರ್ಷದ ಪ್ರಕಾರ. ಡಬಲ್ ಕ್ಲಿಕ್ ಮಾಡಿದರೆ ನಾವು ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್‌ನ ಫೈಲ್ ತೆರೆಯುತ್ತಿತ್ತು. ಮೇಲೂ ಇದೆ, ನಮ್ಮ ಕಂಪ್ಯೂಟರಿನಲ್ಲೂ ಇದೆ ಅಂತ ಎಲ್ಲರೂ ನಂಬಿದೆವು. ನಿಜ ಹಾಗಿರಲಿಲ್ಲ. ಗೂಗಲ್ ಡ್ರೈವ್‌ನಲ್ಲಿ ಸ್ಟ್ರೀಮ್ ಮತ್ತು ಮಿರರ್ ಅಂತ ಎರಡು ಬಗೆ ಇವೆ. ಮಿರರ್‌ನಲ್ಲಿ ಫೈಲ್ ನಿಮ್ಮ ಕಂಪ್ಯೂಟರಿನಲ್ಲೂ ಇರುತ್ತದೆ. ಸ್ಟ್ರೀಮ್‌ನಲ್ಲಿ ಹೆಸರು ಮಾತ್ರ ಕಾಣುತ್ತದೆ, ತೆರೆದಾಗ ಮೇಲಿನಿಂದ ಇಳಿದು ಬರುತ್ತದೆ. ನಮ್ಮದು ಸ್ಟ್ರೀಮ್ ಇತ್ತು. ಅದು ಗೊತ್ತಿಲ್ಲದೆ, ಚೆನ್ನಾಗಿದ್ದ ಮೂರು ಹಾರ್ಡ್‌ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡಿ ಮದುವೆ ವಿಡಿಯೋ ಕೆಲಸ ಮಾಡುವ ತಮ್ಮನಿಗೆ ಕೊಟ್ಟೆ.

ಕಳೆದ ನವೆಂಬರ್, ಕ್ಯಾಲೆಂಡರ್ ಭರಾಟೆ. ಬೆಳಗ್ಗೆ ಡಿಟಿಪಿ ಮಾಡುವ ಹುಡುಗಿ ‘ಅಣ್ಣಾ, ಜಿ ಡ್ರೈವ್ ಕಾಣವಲ್ದು’ ಅಂದಳು. ಲಾಗಿನ್ ಮಾಡಿದರೆ, ಈ ಅಕೌಂಟನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನಿಲ್ಲಿಸಿದ್ದಾರೆ, ಅವರನ್ನೇ ಸಂಪರ್ಕಿಸಿ ಅಂತ ಬಂತು. ನಮ್ಮ ಪ್ರೆಸ್‌ಗೆ ಯಾವ ಅಡ್ಮಿನಿಸ್ಟ್ರೇಟರ್? ಅಪ್ಪ ಹಿಂದೆ ನಿಂತು ಓದಿದರು. ಏನೂ ಮಾತಾಡಲಿಲ್ಲ, ಹೋಗಿ ಪೇಪರ್ ಬಂಡಲ್ ಮೇಲೆ ಕೂತುಬಿಟ್ಟರು.

ಮಾರಿದವರು ಮೊದಲ ದಿನ ಫೋನ್ ಎತ್ತಿದರು, ‘ಸರ್ವರ್ ಪ್ರಾಬ್ಲಂ ಐತ್ರಿ, ಎರಡು ದಿನ’ ಅಂದರು. ಆಮೇಲೆ ಸ್ವಿಚ್ ಆಫ್. ಆ ಕಾಲೇಜಿಗೆ ಮೂರು ಮೇಲ್ ಹಾಕಿದೆ. ಒಂದಕ್ಕೆ ಉತ್ತರ ಬಂತು: ಈ ಅಕೌಂಟ್ ನಮ್ಮ ವಿದ್ಯಾರ್ಥಿಯದಲ್ಲ, ತೆಗೆದುಹಾಕಿದ್ದೇವೆ. ಅಲ್ಲಿಗೆ ಮುಗಿಯಿತು. ಗೂಗಲ್‌ನವರನ್ನು ಬೈದು ಉಪಯೋಗವಿಲ್ಲ. ಅವರ ಲೆಕ್ಕದಲ್ಲಿ ಆ ಅಕೌಂಟಿನ ಒಡೆಯ ಆ ಸಂಸ್ಥೆ.

ಫಾರ್ಮ್ಯಾಟ್ ಮಾಡಿದ ಡಿಸ್ಕ್‌ಗಳನ್ನು ರಿಕವರಿಗೆ ಕೊಟ್ಟೆವು. ಮೇಲೆ ಬೇರೆ ಏನೂ ಬರೆಯದಿದ್ದರೆ ಫಾರ್ಮ್ಯಾಟ್ ಆದದ್ದೂ ಎಷ್ಟೋ ಸಲ ವಾಪಸ್ ಬರುತ್ತದೆ. ಆದರೆ ನನ್ನ ತಮ್ಮ ಅವುಗಳಲ್ಲಿ ವಿಡಿಯೋ ತುಂಬಿದ್ದ. ಹತ್ತರಲ್ಲಿ ಮೂರು ಪಾಲು ಸಿಕ್ಕಿರಬಹುದು. ಸಿಕ್ಕದ್ದಕ್ಕೂ ಹೆಸರಿಲ್ಲ, ಬರೀ ನಂಬರ್. ಒಂದೊಂದೇ ತೆರೆದು ಇದು ಯಾರ ಲಗ್ನದ್ದು, ಯಾವ ಅಂಗಡಿ ಬಿಲ್ ಬುಕ್ ಅಂತ ನೋಡಿ ಹೆಸರು ಹಾಕಬೇಕು. ಮುದ್ರಣದ ಪ್ಲೇಟ್ ಮಾಡಿಕೊಡುವ ಸಿಟಿಪಿ ಸೆಂಟರ್‌ನವರ ಹತ್ತಿರ ಈಚಿನ ಕೆಲಸಗಳ ಪಿಡಿಎಫ್ ಇನ್ನೂ ಉಳಿದಿದ್ದವು, ಪುಣ್ಯಕ್ಕೆ ಅವು ಸಿಕ್ಕವು. ಖರೀದಿ ಬಿಲ್‌ಗಳ ಸ್ಕ್ಯಾನ್ ಹೋದವು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕಡೇ ದಿನದಿಂದ 72 ತಿಂಗಳು ಇಡಬೇಕು ಅಂತ ಕಾನೂನೇ ಇದೆ. ಪೇಪರ್ ವ್ಯಾಪಾರಿಗಳನ್ನು ಕೇಳಿ ಕೇಳಿ ನಕಲು ತರಿಸಿಕೊಳ್ಳುತ್ತಿದ್ದೇವೆ.

ಇದೆಲ್ಲ ನಮ್ಮ ನಷ್ಟ. ನನಗೆ ನಿದ್ದೆ ಕೆಡಿಸಿದ್ದು ಬೇರೆ. ಐಡಿ ಕಾರ್ಡ್ ಫೋಲ್ಡರಿನಲ್ಲಿ ಮೂರು ಶಾಲೆಗಳ ಮಕ್ಕಳ ಫೋಟೋ, ಹೆಸರು, ರಕ್ತದ ಗುಂಪು, ಮನೆ ವಿಳಾಸ, ಪಾಲಕರ ನಂಬರ್ ಎಲ್ಲ ಇತ್ತು. ಅಡ್ಮಿನ್, ಅಂದರೆ ಆ ಸಂಸ್ಥೆಯ ಅಕೌಂಟುಗಳನ್ನು ನೋಡಿಕೊಳ್ಳುವವರು, ಮನಸ್ಸು ಮಾಡಿದರೆ ಪಾಸ್‌ವರ್ಡ್ ಬದಲಿಸಿ ಒಳಗೆ ಹೋಗಬಹುದು. ಪಾಸ್‌ವರ್ಡ್ ಮೊದಲು ಮಾಡಿಕೊಟ್ಟವರೂ ಆ ಮಾರಾಟದವರೇ. ನಂಬಿ ಕೊಟ್ಟ ಮಕ್ಕಳ ಮಾಹಿತಿಯನ್ನು ನಾನು ಮುಖವೇ ನೋಡದವರ ಮನೆಯಲ್ಲಿಟ್ಟು ಬಂದ ಹಾಗಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಅಂತ ಇದೆ. ಕಾಯ್ದೆ ಇರಲಿ, ಬಿಡಲಿ, ಹೇಳಲೇಬೇಕಿತ್ತು. ಮೂರೂ ಶಾಲೆಗೆ ನಾನೇ ಹೋಗಿ ಹೇಳಿದೆ. ಒಬ್ಬ ಮುಖ್ಯ ಶಿಕ್ಷಕಿ ಪೂರ್ತಿ ಕೇಳಿ, ‘ನನ್ನ ಮಗಳ ಫೋಟೋನೂ ಅದರಾಗ ಐತಲ್ರೀ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಶಾಲೆಯ ಕೆಲಸ ಈ ವರ್ಷ ನಮಗೆ ಬಂದಿಲ್ಲ. ಅವರು ಮಾಡಿದ್ದು ಸರಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇವೆ. ಹನ್ನೊಂದು ತಿಂಗಳ ಹಿಂದೆ ಕಟ್ಟಿದ ದುಡ್ಡು ವಾಪಸ್ ಬರುವ ಆಸೆ ಇಲ್ಲ. ಬೇರೆಯವರಿಗೆ ಮಾರುವುದಾದರೂ ನಿಲ್ಲಲಿ ಅಂತ ಅಷ್ಟೇ.

ಈಗ ನಮ್ಮದೇ ಡೊಮೇನ್ (ಮೇಲ್ ವಿಳಾಸದಲ್ಲಿ ಅಟ್ ಗುರುತಿನ ಆಚೆ ಬರುವ ಹೆಸರು) ತೆಗೆದುಕೊಂಡು, ಕಂಪನಿಯಿಂದ ನೇರವಾಗಿ ಪ್ಲಾನ್ ಕೊಂಡು, ಪ್ರೆಸ್ ಹೆಸರಿಗೆ ಜಿಎಸ್‌ಟಿ ಬಿಲ್ ಪಡೆಯುತ್ತಿದ್ದೇವೆ. ಅಡ್ಮಿನ್ ನಾನು ಮತ್ತು ಅಪ್ಪ, ಇಬ್ಬರೇ. ಎರಡು ಹಂತದ ಲಾಗಿನ್ ಹಾಕಿ, ಫೋನ್ ಕೈಯಲ್ಲಿ ಇಲ್ಲದಾಗ ಬೇಕಾಗುವ ಅದರ ಹತ್ತು ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದು ತಿಜೋರಿಯಲ್ಲಿ ಇಟ್ಟಿದ್ದೇವೆ. ಕೆಲಸ ಬಿಟ್ಟವರ ಅಕೌಂಟ್ ಅಳಿಸುವ ಮುಂಚೆ ಫೈಲುಗಳನ್ನು ಬೇರೆಯವರ ಹೆಸರಿಗೆ ವರ್ಗ ಮಾಡುತ್ತೇವೆ. ಅಳಿಸಿದ ಮೇಲೆ ವಾಪಸ್ ತರೋಕೆ 20 ದಿನ ಮಾತ್ರ ಅವಕಾಶ. ಇಷ್ಟಾದರೂ ಕ್ಲೌಡ್ ಒಂದನ್ನೇ ನಂಬಿಲ್ಲ. ಒಬ್ಬರು ಕೈತಪ್ಪಿ ಅಳಿಸಿದರೆ ಎಲ್ಲ ಕಂಪ್ಯೂಟರಿನಲ್ಲೂ ಅಳಿಯುತ್ತದೆ, 30 ದಿನ ಟ್ರ್ಯಾಶ್‌ನಲ್ಲಿದ್ದು ಆಮೇಲೆ ಹೋಗುತ್ತದೆ. ಹಾಗಾಗಿ ಎರಡು ಹಾರ್ಡ್‌ಡಿಸ್ಕ್ ತಂದಿದ್ದೇವೆ. ಪ್ರತಿ ಶನಿವಾರ ಒಂದಕ್ಕೆ ಕಾಪಿ ಮಾಡಿ ಮನೆಗೆ ಒಯ್ಯುತ್ತೇವೆ, ಮನೆಯಲ್ಲಿದ್ದದ್ದು ಪ್ರೆಸ್‌ಗೆ ಬರುತ್ತದೆ. ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ನಾಲ್ಕು ಫೈಲ್ ತೆರೆದು ನೋಡುತ್ತೇವೆ.

ನಮಗೆ ಮಾರಿದವರು ಇಂಥದೇ ಐಡಿಗಳನ್ನು ನಮ್ಮ ಕಡೆಯ ಇನ್ನೂ ಕೆಲವು ಪ್ರೆಸ್, ಫೋಟೋ ಸ್ಟುಡಿಯೋಗಳಿಗೂ ಕೊಟ್ಟಿದ್ದಾರೆ ಅಂತ ಕೇಳಿದೆ. ನಿಮ್ಮ ಡ್ರೈವ್ ತೆಗೆದು ಬಲಗಡೆ ಮೇಲಿರುವ ಗುಂಡನೆಯ ಗುರುತು ಒತ್ತಿ, ವಿಳಾಸ ಓದಿ. ಅಟ್ ಆಚೆ ಇರುವುದು ನಿಮ್ಮ ಡೊಮೇನ್ ಅಲ್ಲ, ಜಿಮೇಲೂ ಅಲ್ಲ ಅಂದರೆ ನಾಳೆಗೆ ಇಡಬೇಡಿ. ಇವತ್ತೇ ದೊಡ್ಡ ಹಾರ್ಡ್‌ಡಿಸ್ಕ್ ತಂದು ಜಿ ಡ್ರೈವ್‌ನಿಂದ ಕಾಪಿ ಮಾಡಿ. ಕಟ್ ಮಾಡಬೇಡಿ. ಒಂದು ಡಿಸ್ಕ್ ಮುಗಿದ ಮೇಲೆ ಇನ್ನೊಂದಕ್ಕೂ ಮಾಡಿ, ಫೋಲ್ಡರ್ ಸೈಜ್ ಹೊಂದಿಸಿ ನೋಡಿ, ಕೆಲವು ಫೈಲ್ ತೆರೆದು ನೋಡಿ. ಅದರಲ್ಲಿ ಗಿರಾಕಿಗಳ ಆಧಾರ್ ಕಾರ್ಡೋ ಮಕ್ಕಳ ಫೋಟೋನೋ ಇದ್ದರೆ ಅದನ್ನೇ ಮೊದಲು ಇಳಿಸಿಕೊಳ್ಳಿ, ಆಮೇಲೆ ಅಲ್ಲಿಂದ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ.