ಝೂಮ್ ಎಫ್3: ಕೊಡಗಿನ ರೆಸಿಡೆನ್ಸಿಗೆ ಹೊರಟವರ ಚೀಲಕ್ಕೆ

ಕಾಫಿ ತೋಟದ ನಡುವೆ ಎರಡು ಮೂರು ವಾರ ಉಳಿದು, ಹಿರಿಯ ಸಂಯೋಜಕರ ಮಾರ್ಗದರ್ಶನದಲ್ಲಿ ಎಲೆಕ್ಟ್ರೋಅಕೌಸ್ಟಿಕ್ ಕೃತಿ (ರೆಕಾರ್ಡ್ ಮಾಡಿದ ಸದ್ದನ್ನು ತಿದ್ದಿ ತೀಡಿ ಮಾಡುವ ಸಂಗೀತ) ಕಟ್ಟಲು ಬರುವವರು ಯಾವ ರೆಕಾರ್ಡರ್ ತರಬೇಕು? ಝೂಮ್ ಎಫ್3 ಸಾಕು. ಆದರೆ ಅದಕ್ಕೆ ಕೊಟ್ಟಷ್ಟೇ ದುಡ್ಡನ್ನು ಮೈಕಿಗೂ ಎತ್ತಿಡಬೇಕು. ಈ ಪೆಟ್ಟಿಗೆಯೊಳಗೆ ಮೈಕೇ ಇಲ್ಲ.

ಅಂಗೈಯಗಲದ ಯಂತ್ರ. ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್, 24 ಅಥವಾ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ವಿದ್ಯುತ್), ಎರಡು ಎಎ ಸೆಲ್ ಇಲ್ಲವೇ ಯುಎಸ್‌ಬಿ-ಸಿ, ಮೈಕ್ರೋಎಸ್‌ಡಿ ಕಾರ್ಡ್. ಸದ್ದಿನ ಮಟ್ಟ ಹೊಂದಿಸುವ ಗೇನ್ ತಿರುಪು ಎಂಬುದಿಲ್ಲ. 32-ಬಿಟ್ ಫ್ಲೋಟ್‌ನಲ್ಲಿ (ತೀರಾ ಸಣ್ಣ ಸದ್ದಿಗೂ ತೀರಾ ದೊಡ್ಡದಕ್ಕೂ ಎಡೆಯಿರುವ ಅಂಕಿ ಬಗೆ) ಬರೆಯುವುದರಿಂದ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಂದು ಗದ್ದೆಯಲ್ಲಿ ಕದಿರು ಕೊಯ್ಯುವಾಗಿನ ಪಿಸುಮಾತೂ ಅದರ ಬೆನ್ನಿಗೇ ಹಾರುವ ಕೋವಿಯ ಸದ್ದೂ ಒಂದೇ ಫೈಲಿನಲ್ಲಿ ಕೂರಬಲ್ಲವು. ಇಲ್ಲೇ ಹಲವರು ಎಡವುವುದು. ರೆಕಾರ್ಡರಿನಲ್ಲಿ ಸದ್ದು ಒಡೆಯದಿದ್ದರೂ, ಅಂದರೆ ಕರ್ಕಶವಾಗದಿದ್ದರೂ, ಮೈಕಿನಲ್ಲೇ ಒಡೆಯುತ್ತದೆ. ಅಗ್ಗದ, ಒಳ್ಳೆಯ ಪ್ರಿಮೊ ಇಎಂ272 ಮೈಕ್ ಕ್ಯಾಪ್ಸೂಲ್‌ನ ಸ್ವಂತ ಗದ್ದಲ (ತಾನೇ ಹುಟ್ಟಿಸುವ ಸದ್ದು) 14 ಡೆಸಿಬೆಲ್ ಮಾತ್ರ, ಎಲೆಯಿಂದ ತೊಟ್ಟಿಕ್ಕುವ ಹನಿಗೆ ಅದು ಹೇಳಿ ಮಾಡಿಸಿದ್ದು. ಆದರೆ 120 ಡೆಸಿಬೆಲ್ ಆಸುಪಾಸಿನಲ್ಲಿ ಕೈಕೊಡುತ್ತದೆ. ತುಸು ದೂರದ ಕೋವಿಗೂ ಹತ್ತಿರದ ಕೊಂಬು-ಕೊಟ್ಟಿಗೂ (ಕಹಳೆ-ಡೋಲು) 143 ಡೆಸಿಬೆಲ್ ತಾಳುವ ರೋಡ್ ಎನ್‌ಟಿ5 ಜೋಡಿ ಬೇಕು. ಅದರ ಗದ್ದಲ 16 ಡೆಸಿಬೆಲ್.

ಹೆಡ್‌ಫೋನಿನಲ್ಲಿ ಕರ್ಕಶವಾಗಿ ಕೇಳಿದ ಮಾತ್ರಕ್ಕೆ ಫೈಲ್ ಹಾಳಾಗಿದೆ ಎಂದಲ್ಲ, ಹೆಡ್‌ಫೋನ್ ಔಟ್‌ಪುಟ್ ಬೇರೆಯೇ ಒಡೆಯಬಹುದು. ಕೇಳುವ ಮಟ್ಟ ಇಳಿಸಿ ನೋಡಿ. ಆಮೇಲೂ ಕರ್ಕಶವಾಗಿದ್ದರೆ ಅನುಮಾನ ಮೈಕಿನ ಮೇಲೆ.

ವಸ್ತುವಿಗೆ ಒತ್ತಿ ಅದರ ಕಂಪನ ಹಿಡಿಯುವ ಪೀಜೋ ಕಾಂಟ್ಯಾಕ್ಟ್ ಮೈಕ್ ತರುವವರು ಇದನ್ನು ಓದಲೇಬೇಕು. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುತ್ತದೆ. ಆ ಅಲ್ಯೂಮಿನಿಯಂ ಪೈಪಿಗೆ ಪೀಜೋ ಬಿಲ್ಲೆ ಒತ್ತಿದರೆ ಸಿಗುವ ನಾದವನ್ನು ಯಾವ ಸಿಂಥೂ ಕೊಡದು. ಆದರೆ 20 ನ್ಯಾನೋಫ್ಯಾರಡ್ ಧಾರಕತೆಯ ಬಿಲ್ಲೆಯನ್ನು ನೇರ ಮೈಕ್ ಇನ್‌ಪುಟ್ಟಿಗೆ ಸಿಕ್ಕಿಸಿದರೆ, ಆ ಇನ್‌ಪುಟ್ಟಿನ 3 ಕಿಲೋಓಮ್ ಹೊರೆಗೆ ಸುಮಾರು 2,600 ಹರ್ಟ್ಜ್‌ನ ಕೆಳಗಿನದೆಲ್ಲ ಕರಗುತ್ತಾ ಹೋಗುತ್ತದೆ. ಉಳಿಯುವುದು ತಗಡು ಸದ್ದು. ನಡುವೆ 1 ಮೆಗಾಓಮ್‌ನ ಎಫ್‌ಇಟಿ ಬಫರ್ (ಆ ಹೊರೆ ಬಿಲ್ಲೆಗೆ ತಟ್ಟದಂತೆ ತಡೆಯುವ ಪುಟ್ಟ ಸರ್ಕ್ಯೂಟ್) ಇಟ್ಟರೆ ಆ ಗೆರೆ 8 ಹರ್ಟ್ಜ್‌ಗೆ ಇಳಿಯುತ್ತದೆ. ಬಿಡಿಭಾಗ ಮಡಿಕೇರಿಯಲ್ಲಿ ಹುಡುಕಿಕೊಂಡು ಅಲೆಯುವ ಬದಲು ಬೆಸುಗೆ ಹಾಕಿಯೇ ತನ್ನಿ. ನವೆಂಬರಿನಿಂದ ನಡೆಯುವ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೂ ಇದೇ ಜೋಡಣೆ ಸಾಕು.

ಮಳೆಗಾಲವೇ ನಿಜವಾದ ಪರೀಕ್ಷೆ. ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬಟ್ಟೆಯೇ ಒಣಗದು, ಕಂಡೆನ್ಸರ್ ಮೈಕ್ ಎಲ್ಲಿಂದ ಒಣಗೀತು? ತೇವ ಮೈಕಿನೊಳಗಿನ ತೆಳು ಪೊರೆಗೆ, ಅಂದರೆ ಡಯಾಫ್ರಾಮಿಗೆ, ಇಳಿದಾಗ ಡಿಸಿ ಬಯಾಸ್ ಮೈಕ್ (ಸ್ಥಿರ ವೋಲ್ಟೇಜಿನಲ್ಲಿ ನಡೆಯುವ ಸಾಮಾನ್ಯ ಕಂಡೆನ್ಸರ್) ಚಟಪಟ ಎನ್ನುತ್ತದೆ. ಸೆನ್‌ಹೈಸರ್‌ನ ಎಂಕೆಎಚ್ ಸರಣಿ ರೇಡಿಯೋ ಆವರ್ತನದ ಸರ್ಕ್ಯೂಟ್‌ನಲ್ಲಿ ನಡೆಯುವುದರಿಂದ ಈ ಕಾಟ ತೀರಾ ಕಡಿಮೆ. ಬೆಲೆ ಮಾತ್ರ ಎದೆ ಒಡೆಸುವಂಥದ್ದು. ಉಳಿದವರು ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಮೈಕನ್ನು ಸಿಲಿಕಾ ಜೆಲ್ ಜೊತೆ ಇಡಬೇಕು. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ. ಬೆಳಗಿನ ಚಳಿಯಿಂದ ಮೈಕನ್ನು ನೇರವಾಗಿ ಅಡುಗೆಮನೆಯ ಬಿಸಿಗೆ ತರಬಾರದು, ಮೊದಲು ಡಬ್ಬಿ ಮುಚ್ಚಿ ಒಳಗಿಡಿ. ಮಳೆ ಹಿಡಿಯುವಾಗ ಪ್ಲಾಸ್ಟಿಕ್ ಹೊದಿಸಿದರೆ ರೆಕಾರ್ಡ್ ಆಗುವುದು ಪ್ಲಾಸ್ಟಿಕ್. ಮೇಲೆ ಒಂದು ಅಡಿ ಎತ್ತರದಲ್ಲಿ ತೆಂಗಿನ ನಾರಿನ ಚಾಪೆ ಕಟ್ಟಿ, ಹನಿಯ ಪೆಟ್ಟು ಅದರಲ್ಲೇ ಒಡೆದು ಸಾಯುತ್ತದೆ.

ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಹಾಗಾಗಿ ರೀಚಾರ್ಜ್ ಸೆಲ್ ಎರಡು ಜೊತೆ ಇರಲಿ. ಮೆನುವಿನಲ್ಲಿ ಸೆಲ್ ಬಗೆಯನ್ನು ನಿಕಲ್ ಮೆಟಲ್ ಹೈಡ್ರೈಡ್ ಎಂದು ಬದಲಿಸದಿದ್ದರೆ ಬ್ಯಾಟರಿ ಗುರುತು ಸುಳ್ಳು ಹೇಳುತ್ತದೆ. 48 ವೋಲ್ಟ್ ಫ್ಯಾಂಟಮ್ ಸೆಲ್ಲನ್ನು ಬೇಗ ತಿನ್ನುತ್ತದೆ. ಮೈಕ್ ಒಪ್ಪಿದರೆ 24 ಸಾಕು. ಕೆಲವು ಪವರ್‌ಬ್ಯಾಂಕುಗಳು ಇಷ್ಟು ಸಣ್ಣ ಹೊರೆ ಕಂಡು ಯಾರೂ ಇಲ್ಲವೆಂದು ತಾವೇ ನಿದ್ದೆ ಹೋಗುತ್ತವೆ, ಮೊದಲ ರಾತ್ರಿಯೇ ಪರೀಕ್ಷಿಸಿ.

96 ಕಿಲೋಹರ್ಟ್ಜ್ (ಸೆಕೆಂಡಿಗೆ 96,000 ಮಾದರಿ) ಸ್ಟೀರಿಯೋ ಗಂಟೆಗೆ ಸುಮಾರು 2.8 ಜಿಬಿ ನುಂಗುತ್ತದೆ. ಜೀರುಂಡೆಯನ್ನು ಅರ್ಧ ವೇಗಕ್ಕೆ ಇಳಿಸುವವರಿಗೆ ಅದು ಬೇಕು, ಮಿಕ್ಕವರಿಗೆ 48 ಕಿಲೋಹರ್ಟ್ಜ್ ಸಾಲದೇನಲ್ಲ. ಅಬ್ಬಿ ಜಲಪಾತಕ್ಕೆ ಮೈಕ್ ಹೊತ್ತು ಓಡಬೇಡಿ: ಎಲ್ಲರ ಹಾರ್ಡ್‌ಡಿಸ್ಕಿನಲ್ಲೂ ಅದೇ ಗದ್ದಲವಿದೆ. ಅದಕ್ಕಿಂತ ಮೇಲಿನ ತೊರೆಯೊಂದರ ಕಲ್ಲಿನ ಸಂದಿಯಲ್ಲಿ ಸಿಗುವುದು ಹೆಚ್ಚು.

ಮಾರ್ಗದರ್ಶಕರ ಮುಂದೆ ನಲವತ್ತು ನಿಮಿಷದ ಫೈಲ್ ತೆರೆದರೆ ಆ ಗಂಟೆ ಮುಗಿದಂತೆ. ಒಂದೊಂದು ನಿಮಿಷದ ಮೂರು ತುಣುಕು ಆಯ್ದು, ಜಾಗ, ಹೊತ್ತು, ಮೈಕ್ ಎಷ್ಟು ದೂರದಲ್ಲಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ತುಣುಕನ್ನು 24-ಬಿಟ್‌ಗೆ ಬೌನ್ಸ್ ಮಾಡುವ (ಹೊಸ ಫೈಲಾಗಿ ಹೊರತೆಗೆಯುವ) ಮುನ್ನ ಮಟ್ಟ ಇಳಿಸಿ. ಸೊನ್ನೆ ಡೆಸಿಬೆಲ್ (24-ಬಿಟ್ ಫೈಲಿನ ಮೇಲ್ಮಿತಿ) ಮೀರಿದ ಭಾಗ ಫ್ಲೋಟ್ ಫೈಲಿನಲ್ಲಿ ಭದ್ರವಾಗಿರುತ್ತದೆ, ಬೌನ್ಸ್ ಆದ ಪ್ರತಿಯಲ್ಲಿ ಮಾತ್ರ ಕತ್ತರಿಸಿ ಹೋಗಿರುತ್ತದೆ.