ಗೇಟಿಗೊಂದು, ಕಣಕ್ಕೊಂದು: ಮನೆ ಕ್ಯಾಮೆರಾದ ಆಪ್ಟಿಕಲ್ ಜೂಮ್ ಮತ್ತು ಡಿಜಿಟಲ್ ಜೂಮ್

ಗಂಗಾವತಿಯಲ್ಲಿ ಮನೆಗೆ ಹಾಕುವ ಕ್ಯಾಮೆರಾ ಬೇಕೆಂದು ಅಂಗಡಿಗೆ ಹೋದರೆ, ಮೊದಲು ಮುಂದಿಡುವ ಡಬ್ಬಿಯ ಮೇಲೆ 8ಎಕ್ಸ್ ಜೂಮ್ ಎಂದೋ 16ಎಕ್ಸ್ ಜೂಮ್ ಎಂದೋ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಲೆನ್ಸಿನಿಂದಲೇ ಹತ್ತಿರಕ್ಕೆ ತರುವ ಆಪ್ಟಿಕಲ್ ಜೂಮೋ, ಬಂದ ಚಿತ್ರವನ್ನು ಹಿಗ್ಗಿಸುವ ಡಿಜಿಟಲ್ ಜೂಮೋ ಎಂಬುದು ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಕೆಲವು ಡಬ್ಬಿಗಳಲ್ಲಿ ಅದೂ ಇರುವುದಿಲ್ಲ. ಕೊಳ್ಳುವವರು ದೊಡ್ಡ ಅಂಕಿ ನೋಡಿ ಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಬಗೆಯ ಕ್ಯಾಮೆರಾಗಳನ್ನು ಒಂದೇ ಗೋಡೆಗೆ ಹಾಕಿ ಒಂದು ಸುಗ್ಗಿ ಮತ್ತು ಒಂದು ಬೇಸಿಗೆ ನೋಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಜೂಮ್ ಎಷ್ಟು ಪಟ್ಟು ಎಂಬುದಕ್ಕಿಂತ ಅದನ್ನು ಯಾವಾಗ ಮಾಡುತ್ತೇವೆ ಎಂಬುದೇ ಮುಖ್ಯ. ಆಪ್ಟಿಕಲ್ ಜೂಮ್ ಅನ್ನು ಘಟನೆ ನಡೆಯುವ ಮುಂಚೆಯೇ ಮಾಡಿಟ್ಟಿರಬೇಕು. ಡಿಜಿಟಲ್ ಜೂಮ್ ಅನ್ನು ಘಟನೆ ನಡೆದ ಮೇಲೆ ಮಾಡಬಹುದು. ಕ್ಯಾಮೆರಾದ ಮುಂದೆ ಹಗಲು ರಾತ್ರಿ ಯಾರೂ ಕೂರದ ಮನೆಗಳಲ್ಲಿ ಈ ಒಂದು ವ್ಯತ್ಯಾಸವೇ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ.

ನಮ್ಮ ಮನೆ ಊರಿನ ಅಂಚಿನಲ್ಲಿದೆ. ಮುಂದೆ ಸಿಮೆಂಟಿನ ಕಣ, ಸುಗ್ಗಿಯಲ್ಲಿ ಅಲ್ಲಿ ಭತ್ತ ಹರವುತ್ತೇವೆ. ಎಡಕ್ಕೆ ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡು. ಗೋಡೆಯಿಂದ ಕಣದ ನಡುವಿಗೆ 30 ಅಡಿ, ಗೇಟಿಗೆ 60 ಅಡಿ. ಹೋಲಿಕೆ ನ್ಯಾಯವಾಗಿರಲಿ ಎಂದು ಒಂದೇ ಕಂಪನಿಯ, 4 ಮೆಗಾಪಿಕ್ಸೆಲ್‌ನ ಎರಡು ಕ್ಯಾಮೆರಾ ತಂದು ಮಾಳಿಗೆಯ ಕೆಳಗೆ ಅಕ್ಕಪಕ್ಕ ಹಾಕಿಸಿದೆ. ಒಂದರದು 2.8 ಎಂ.ಎಂ. ಸ್ಥಿರ ಲೆನ್ಸ್, ಅದರಲ್ಲಿ ಡಿಜಿಟಲ್ ಜೂಮ್ ಮಾತ್ರ. ಇನ್ನೊಂದರದು 2.8ರಿಂದ 12 ಎಂ.ಎಂ.ವರೆಗೆ ಮೋಟಾರಿನಿಂದ ಹಿಗ್ಗುವ ಲೆನ್ಸ್. ಬೆಲೆಯಲ್ಲಿ ಎರಡನೆಯದು ಮೊದಲನೆಯದರ ಎರಡು ಪಟ್ಟಿಗೂ ಹೆಚ್ಚಾಯಿತು. ಇವುಗಳ ಜೊತೆ, ಸುತ್ತಲೂ ತಿರುಗುವ, ದೂರದ್ದನ್ನು ಲೆನ್ಸಿನಿಂದ ಹತ್ತಿರಕ್ಕೆ ಎಳೆಯುವ ಒಂದು ಪಿಟಿಜೆಡ್ ಕ್ಯಾಮೆರಾವನ್ನು ನಮ್ಮ ಸೋದರಮಾವನಿಂದ ಎರವಲು ತಂದು ಕೆಲವು ವಾರ ನೋಡಿದೆ.

ಡಿಜಿಟಲ್ ಜೂಮ್ ಚಿತ್ರದ ಒಂದು ತುಂಡನ್ನು ಕತ್ತರಿಸಿ ಪರದೆಯ ತುಂಬ ಹಿಗ್ಗಿಸುತ್ತದೆ. 4 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 2560, ಉದ್ದಕ್ಕೆ 1440 ಪಿಕ್ಸೆಲ್‌ಗಳಿರುತ್ತವೆ. 4 ಪಟ್ಟು ಹಿಗ್ಗಿಸಿದಾಗ ನಮಗೆ ಕಾಣುವುದು 640 × 360ರ ತುಂಡು, 8 ಪಟ್ಟಿಗೆ 320 × 180. ಪರದೆ ತುಂಬುತ್ತದೆ, ವಿವರ ಹೆಚ್ಚುವುದಿಲ್ಲ. ಆಪ್ಟಿಕಲ್ ಜೂಮ್‌ನಲ್ಲಿ ಲೆನ್ಸಿನ ಒಳಗಿನ ಗಾಜುಗಳು ಸರಿದು ನಾಭಿದೂರ, ಅಂದರೆ ಲೆನ್ಸಿನ ಎಂ.ಎಂ. ಅಂಕಿ, ಬದಲಾಗುತ್ತದೆ. ನೋಟದ ಅಗಲ ಕಿರಿದಾಗುತ್ತದೆ, ಆದರೆ ಆ ಕಿರಿದಾದ ಜಾಗಕ್ಕೆ ಪೂರ್ತಿ 2560 ಪಿಕ್ಸೆಲ್‌ಗಳೂ ಸಿಗುತ್ತವೆ.

ಇದು ಗೇಟಿನ ಬಳಿ ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಕ್ಯಾಮೆರಾ ಕೊಳ್ಳುವ ಮುಂಚೆ ಕಾಗದದ ಮೇಲೆಯೇ ಉತ್ತರ ಸಿಗುತ್ತದೆ. ಮನೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ 1/3 ಇಂಚಿನ ಸೆನ್ಸರ್‌ನ (ಲೆನ್ಸಿನ ಹಿಂದೆ ಬೆಳಕನ್ನು ಚಿತ್ರವಾಗಿಸುವ ಚಿಪ್‌ನ) ಅಗಲ ಸುಮಾರು 4.8 ಎಂ.ಎಂ. ಅದನ್ನು ದೂರದಿಂದ ಗುಣಿಸಿ, ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಆ ದೂರದಲ್ಲಿ ಕಾಣುವ ಅಗಲ ಬರುತ್ತದೆ. 60 ಅಡಿ ಎಂದರೆ 18.3 ಮೀಟರ್. 2.8 ಎಂ.ಎಂ. ಲೆನ್ಸಿಗೆ ಅಲ್ಲಿ ಸುಮಾರು 31 ಮೀಟರ್ ಅಗಲ ಕಾಣುತ್ತದೆ, ಮೀಟರಿಗೆ 82 ಪಿಕ್ಸೆಲ್. 12 ಎಂ.ಎಂ.ಗೆ 7.3 ಮೀಟರ್ ಅಗಲ, ಮೀಟರಿಗೆ 350 ಪಿಕ್ಸೆಲ್. ಅಗಲ ಕೋನದ ಲೆನ್ಸ್ ಅಂಚುಗಳಲ್ಲಿ ಚಿತ್ರವನ್ನು ಸ್ವಲ್ಪ ಬಾಗಿಸುವುದರಿಂದ ಅಂಕಿಗಳು ಕೊಂಚ ಆಚೀಚೆ ಆಗುತ್ತವೆ, ಆದರೆ ನಾಲ್ಕು ಪಟ್ಟಿನ ಅಂತರ ಹಾಗೆಯೇ ಉಳಿಯುತ್ತದೆ.

ಈ ಅಂಕಿಗಳಿಗೆ ಒಂದು ಅಳತೆಗೋಲೂ ಇದೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಪರಿಚಿತ ವ್ಯಕ್ತಿಯನ್ನು ಇವನೇ ಎನ್ನಲು ಮೀಟರಿಗೆ 125 ಪಿಕ್ಸೆಲ್, ಅಪರಿಚಿತನ ಗುರುತನ್ನು ಸಂದೇಹವಿಲ್ಲದೆ ಹಿಡಿಯಲು 250 ಪಿಕ್ಸೆಲ್ ಬೇಕು. ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು. ಹಾಗಾಗಿ ನಮ್ಮ ಸ್ಥಿರ ಲೆನ್ಸ್ ಗೇಟಿನ ಬಳಿ ಮನುಷ್ಯ ನಿಂತಿದ್ದಾನೆ, ಬಿಳಿ ಅಂಗಿ ಹಾಕಿದ್ದಾನೆ ಎಂದು ಹೇಳಬಲ್ಲದು. ಯಾರು ಎಂದು ಹೇಳಲಾರದು. ಅದೇ ಲೆನ್ಸ್ 30 ಅಡಿಯಲ್ಲಿ ಮೀಟರಿಗೆ 160ರಷ್ಟು ಪಿಕ್ಸೆಲ್ ಕೊಡುತ್ತದೆ, ಕಣದ ನಡುವೆ ನಿಂತವರು ನಮ್ಮವರಾದರೆ ಯಾರೆಂದು ನಿಸ್ಸಂಶಯವಾಗಿ ತಿಳಿಯುತ್ತದೆ. ಅಪರಿಚಿತನಾದರೆ 20 ಅಡಿಯೊಳಗೆ ಬರಬೇಕು.

ನಂಬರ್ ಪ್ಲೇಟಿನ ವಿಷಯದಲ್ಲಿ ಹೋಲಿಕೆ ಇನ್ನೂ ನಿಷ್ಠುರವಾಗಿದೆ. ಬೈಕಿನ ಹಿಂದಿನ ಅತಿ ಸುರಕ್ಷಿತ ನೋಂದಣಿ ಫಲಕದ ಅಗಲ 200 ಎಂ.ಎಂ. ಸ್ಥಿರ ಲೆನ್ಸಿನಲ್ಲಿ 60 ಅಡಿಗೆ ಇಡೀ ಫಲಕಕ್ಕೆ 16 ಪಿಕ್ಸೆಲ್, ಒಂದೊಂದು ಅಕ್ಷರಕ್ಕೆ ಮೂರು. ಎಷ್ಟು ಹಿಗ್ಗಿಸಿದರೂ ಕಾಣುವುದು ಬಿಳಿಯ ಮೇಲೆ ಬೂದು ಚೌಕಗಳು. ಆಪ್ಟಿಕಲ್‌ನಲ್ಲಿ 12 ಎಂ.ಎಂ.ಗೆ ಎಳೆದಾಗ ಫಲಕಕ್ಕೆ 70 ಪಿಕ್ಸೆಲ್ ಸಿಕ್ಕಿತು, ಹಗಲಿನಲ್ಲಿ ನಿಂತ ಬೈಕಿನ ಸಂಖ್ಯೆಯನ್ನು ಅವ್ವ ಕನ್ನಡಕವಿಲ್ಲದೆ ಮೊಬೈಲಿನಲ್ಲಿ ಓದಿದಳು. ನಮ್ಮ ಕಡೆ ಕೆಎ 36 ಎಂದರೆ ರಾಯಚೂರು, ಕೆಎ 37 ಎಂದರೆ ಕೊಪ್ಪಳ. ಕೊನೆಯ ಅಂಕಿ ಮಸುಕಾದರೆ ಜಿಲ್ಲೆಯೇ ಬದಲಾಗುತ್ತದೆ. ಅಂಥ ದಾಖಲೆಯನ್ನು ಠಾಣೆಗೆ ಒಯ್ದರೆ ಪ್ರಯೋಜನವಿಲ್ಲ.

ಹೆಚ್ಚು ಮೆಗಾಪಿಕ್ಸೆಲ್ ತೆಗೆದುಕೊಂಡರೆ ಡಿಜಿಟಲ್ ಜೂಮ್ ಸಾಕಲ್ಲವೇ ಎಂದು ಅಂಗಡಿಯವರು ಹೇಳುತ್ತಾರೆ. 8 ಮೆಗಾಪಿಕ್ಸೆಲ್‌ನಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್, ಅಂದರೆ ಒಂದೂವರೆ ಪಟ್ಟು ಮಾತ್ರ ಹೆಚ್ಚು. ನಮ್ಮ ಗೇಟಿಗೆ ಆಗಲೂ ಫಲಕಕ್ಕೆ 25 ಪಿಕ್ಸೆಲ್ ದಕ್ಕುತ್ತದೆ, ಓದಲು ಸಾಲದು. ಹೆಸರಿಗೆ ದುಪ್ಪಟ್ಟು ಆದರೂ ಉಪಯೋಗಕ್ಕೆ ದುಪ್ಪಟ್ಟಲ್ಲ. ಗೇಟು 25 ಅಡಿಯೊಳಗೆ ಇರುವ, ಪೇಟೆಯ ಸಾಲುಮನೆಯವರಿಗೆ ಮಾತ್ರ ಈ ಸಲಹೆ ಸರಿ. ಅವರಿಗೆ ಆಪ್ಟಿಕಲ್ ಜೂಮ್‌ಗೆ ದುಡ್ಡು ಸುರಿಯುವ ಕಾರಣ ನನಗೆ ಕಾಣುವುದಿಲ್ಲ.

ಇಲ್ಲಿಯವರೆಗೆ ಓದಿದವರಿಗೆ ಆಪ್ಟಿಕಲ್ ಗೆದ್ದಿತು ಅನ್ನಿಸಬಹುದು. ಆದರೆ ಪಿಟಿಜೆಡ್ ಕ್ಯಾಮೆರಾ ನಮ್ಮ ಮನೆಯಲ್ಲಿದ್ದ ದಿನಗಳಲ್ಲೇ ಒಂದು ಘಟನೆ ನಡೆಯಿತು. ಸಂಜೆ ಗೇಟಿನ ಬಳಿ ಯಾರೋ ಕೂಗಿದರೆಂದು ಕಾಕಾ ಮೊಬೈಲಿನಲ್ಲಿಯೇ ಕ್ಯಾಮೆರಾವನ್ನು ಗೇಟಿಗೆ ತಿರುಗಿಸಿ, ಹತ್ತಿರಕ್ಕೆ ಎಳೆದು ನೋಡಿದರು. ಬಂದವರು ಹಾಲಿನವರು. ಕಾಕಾ ಮಾತನಾಡಲು ಹೊರಗೆ ಹೋದರು, ಕ್ಯಾಮೆರಾ ಗೇಟನ್ನೇ ನೋಡುತ್ತ ಉಳಿಯಿತು. ಆ ಹೊತ್ತಿನಲ್ಲಿ ಹಿಂದಿನ ಬೇಲಿಯ ಸಂದಿನಿಂದ ಕುರಿಗಳು ನುಗ್ಗಿ, ಕಣದಲ್ಲಿ ಹರವಿದ್ದ ಭತ್ತವನ್ನು ತಿಂದು, ತುಳಿದು ಹೋದವು. ಪಿಟಿಜೆಡ್‌ನ ದಾಖಲೆಯಲ್ಲಿ ಮುಚ್ಚಿದ ಗೇಟು ಬಲು ಸ್ಪಷ್ಟವಾಗಿತ್ತು, ಕುರಿಗಳು ಒಂದೂ ಇರಲಿಲ್ಲ.

ಸ್ಥಿರ ಲೆನ್ಸಿನ ಕ್ಯಾಮೆರಾದಲ್ಲಿ ಎಲ್ಲವೂ ಇತ್ತು. ನಡೆದದ್ದು 30 ಅಡಿಯೊಳಗೆ, ಬೆಳಕು ಇನ್ನೂ ಇತ್ತು. ದಾಖಲೆಯನ್ನು ನಿಲ್ಲಿಸಿ, ಮೂರು ಪಟ್ಟು ಹಿಗ್ಗಿಸಿದಾಗ ಕುರಿಗಳ ಬೆನ್ನಿನ ಮೇಲೆ ಹಚ್ಚಿದ ಕೆಂಪು ಬಣ್ಣದ ಗುರುತು ಕಂಡಿತು. ಯಾರ ಹಿಂಡು ಎಂದು ತಿಳಿಯಲು ಅದು ಸಾಕಾಯಿತು. ಕುರಿಯವರಿಗೆ ಮೊಬೈಲ್ ತೋರಿಸಿದಾಗ ಅವರು ಒಂದು ಮಾತೂ ಎದುರಾಡದೆ ಒಪ್ಪಿಕೊಂಡು, ಎರಡು ಚೀಲ ಭತ್ತದ ಲೆಕ್ಕ ಮುಗಿಸಿದರು. ಆಪ್ಟಿಕಲ್ ಜೂಮ್‌ನ ದೊಡ್ಡ ಕೊರತೆ ಇದೇ: ಎಳೆದುಕೊಂಡ ಜಾಗದ ಹೊರಗೆ ನಡೆದದ್ದನ್ನು ಆಮೇಲೆ ಯಾವ ತಂತ್ರದಿಂದಲೂ ಮರಳಿ ಪಡೆಯಲಾಗದು. ತಿರುಗುವ, ಎಳೆಯುವ ಕ್ಯಾಮೆರಾ ಕಾವಲುಗಾರ ಕೂತಿರುವ ಅಕ್ಕಿ ಗಿರಣಿಗೋ ಗೋದಾಮಿಗೋ ತಕ್ಕದ್ದು. ಮನೆಗೆ ಅದೊಂದನ್ನೇ ನಂಬಿ ಹಾಕಿಸಬೇಡಿರೆಂದು ನಾನು ಯಾರಿಗಾದರೂ ಹೇಳುತ್ತೇನೆ. ಇನ್ನೊಂದು ಮಾತು, ನಾವು ತಂದ ಪಿಟಿಜೆಡ್ ಕರೆಂಟ್ ಹೋಗಿ ಬಂದಾಗಲೆಲ್ಲ ಶೆಡ್ಡಿನ ತಗಡಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಅದಕ್ಕೆ ಮೂಲಸ್ಥಾನ ಗೊತ್ತುಮಾಡುವ ಆಯ್ಕೆ ಇದೆ, ಹಾಕಿಸಿದ ದಿನವೇ ಅದನ್ನು ಮಾಡಿಸಬೇಕು.

ಡಿಜಿಟಲ್ ಜೂಮ್ ಬಳಸುವವರು ಎರಡು ಸಂಗತಿಗಳನ್ನು ತಿಳಿದಿರಬೇಕು, ಇವನ್ನು ಹಾಕುವವರು ಹೇಳುವುದು ಕಡಿಮೆ. ಮೊಬೈಲ್ ಆ್ಯಪ್ ತೆರೆದಾಗ ಡೇಟಾ ಉಳಿಸಲು ಬಹುಪಾಲು ಕಡಿಮೆ ಗುಣಮಟ್ಟದ ಸಬ್‌ಸ್ಟ್ರೀಮ್ ತೋರಿಸುತ್ತದೆ. ಅದನ್ನೇ ಬೆರಳಿನಿಂದ ಹಿಗ್ಗಿಸಿ, ಕ್ಯಾಮೆರಾ ಕೆಟ್ಟದ್ದು ಎಂದು ಬೈಯುವವರನ್ನು ನೋಡಿದ್ದೇನೆ. ಮೊದಲು ಎಚ್‌ಡಿಗೆ ಬದಲಿಸಿ, ಆಮೇಲೆ ಹಿಗ್ಗಿಸಬೇಕು. ಎರಡನೆಯದು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ದಾಖಲೆಗೆ ಬಳಸುವ ಡೇಟಾ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ದಿನಪೂರ್ತಿ ದಾಖಲಿಸಿದರೆ ದಿನಕ್ಕೆ 43 ಜಿಬಿ ಹಿಡಿಯುತ್ತದೆ, 128 ಜಿಬಿಯ ಕಾರ್ಡ್ ಮೂರು ದಿನಕ್ಕೆ ತುಂಬುತ್ತದೆ. ಹೆಚ್ಚು ದಿನ ಬರಲೆಂದು ಹಾಕುವವರು ಇದನ್ನು 1 ಮೆಗಾಬಿಟ್‌ಗೆ ಇಳಿಸಿ ಹೋಗುತ್ತಾರೆ. ಮಾಮೂಲಿ ನೋಟಕ್ಕೆ ವ್ಯತ್ಯಾಸ ಕಾಣದು, ಹಿಗ್ಗಿಸಿದಾಗ ಮುಖವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ನಮ್ಮಲ್ಲಿ ವಿಡಿಯೊ ಕುಗ್ಗಿಸುವ ಎಚ್.265 ಎಂಬ ವಿಧಾನ ಇಟ್ಟು 4 ಮೆಗಾಬಿಟ್ ಉಳಿಸಿಕೊಂಡು, ದೊಡ್ಡ ಕಾರ್ಡ್ ಹಾಕಿದೆವು. ಡಿಜಿಟಲ್ ಜೂಮ್ ಅನ್ನು ನಂಬಿದವರಿಗೆ ಕಾರ್ಡಿಗೆ ಹಾಕುವ ದುಡ್ಡು ಲೆನ್ಸಿಗೆ ಹಾಕಿದಂತೆಯೇ.

ರಾತ್ರಿಯ ಪರೀಕ್ಷೆಯಲ್ಲಿ ಎರಡೂ ತಗ್ಗಿದವು. ಜೂಮ್ ಎಳೆದಷ್ಟೂ ಇಂಥ ಲೆನ್ಸಿನೊಳಗೆ ಬರುವ ಬೆಳಕು ಕಡಿಮೆಯಾಗುತ್ತದೆ, ಹಾಗಾಗಿ ಆಪ್ಟಿಕಲ್‌ನ ಚಿತ್ರವೂ ಹಗಲಿನಷ್ಟು ಹರಿತವಾಗಿರಲಿಲ್ಲ. ಡಿಜಿಟಲ್‌ನಲ್ಲಿ ಕತ್ತಲಿನ ಕಾಳುಕಾಳಾದ ಚುಕ್ಕೆಗಳೇ ಹಿಗ್ಗಿ ನಿಂತವು. ಫಲಕದ ಮೇಲಿನ ಪ್ರತಿಫಲಕ ಹಾಳೆ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕನ್ನು ನೇರವಾಗಿ ಹಿಂದಕ್ಕೆ ಎಸೆಯುವುದರಿಂದ, 70 ಪಿಕ್ಸೆಲ್ ಇದ್ದರೂ ಸಂಖ್ಯೆ ಬೆಳ್ಳಗೆ ಉರಿದು ಹೋಯಿತು. ಓಡುವ ಬೈಕಂತೂ ಎರಡರಲ್ಲೂ ಬರೀ ಗೆರೆ. ಇದಕ್ಕೆ ಜೂಮ್ ಮದ್ದಲ್ಲ. ಗೇಟಿನ ಕಂಬಕ್ಕೆ ಒಂದು ಎಲ್‌ಇಡಿ ದೀಪ ಹಾಕಿ, ಶಟರ್ ವೇಗವನ್ನು ಸೆಕೆಂಡಿನ 250ನೇ ಒಂದು ಭಾಗಕ್ಕೆ ಏರಿಸಿ, ಇನ್‌ಫ್ರಾರೆಡ್ ತಗ್ಗಿಸಿದ ಮೇಲೆ ನಿಧಾನವಾಗಿ ಬಂದು ನಿಲ್ಲುವ ವಾಹನಗಳ ಸಂಖ್ಯೆ ಓದಲು ಬಂತು. ಆ ದೀಪಕ್ಕೆ ಆದ ಖರ್ಚು ಎರಡು ಲೆನ್ಸುಗಳ ಬೆಲೆಯ ಅಂತರದ ಮುಂದೆ ಏನೇನೂ ಅಲ್ಲ.

ನಮ್ಮ ಸೀಮೆಗೆ ಸೇರಿದ ಕೆಲವು ತೊಡಕುಗಳೂ ಇವೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬಿದರೆ ಸಂಜೆಯ ಹುಳುಗಳಿಗೆ ಲೆಕ್ಕವಿಲ್ಲ. ಅವು ಕ್ಯಾಮೆರಾದ ಬೆಳಕಿಗೆ ಬರುತ್ತವೆ, ಅವನ್ನು ಹಿಡಿಯಲು ಜೇಡ ಬಲೆ ಕಟ್ಟುತ್ತದೆ. 12 ಎಂ.ಎಂ.ನಲ್ಲಿ ಲೆನ್ಸಿನ ಮುಂದೆ ಹಾದ ಒಂದು ಹುಳು ಇಡೀ ಗೇಟನ್ನು ಮಸುಕಾಗಿಸುತ್ತದೆ. ಗಿರಣಿಯ ಕಡೆಯಿಂದ ಬರುವ ಹೊಟ್ಟಿನ ಬೂದಿ ಗಾಜಿನ ಮೇಲೆ ಕೂತಾಗಲೂ ಎಳೆದ ಲೆನ್ಸಿನ ಚಿತ್ರವೇ ಮೊದಲು ಮಂಕಾಯಿತು. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸುವ ಕೆಲಸ ತಪ್ಪದು. ಮುಂಗಾರಿನ ಮೊದಲ ಗಾಳಿಗೆ, ಕ್ಯಾಮೆರಾ ಗೋಡೆಯಿಂದ ಚಾಚಿದ ಕಬ್ಬಿಣದ ಕೊಳವೆಯ ಮೇಲಿದ್ದಾಗ ಎಳೆದ ಚಿತ್ರ ತೂಗಾಡಿತು, ಗೋಡೆಗೇ ಬಿಗಿಸಿದ ಮೇಲೆ ನಿಂತಿತು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಮಧ್ಯಾಹ್ನ ಮತ್ತು ರಾತ್ರಿಯ ನಡುವೆ ಫೋಕಸ್ ಕೊಂಚ ಸರಿಯುತ್ತಿತ್ತು. ಆ್ಯಪ್‌ನಲ್ಲಿ ಆಟೋಫೋಕಸ್ ಒತ್ತಿದರೆ ಸರಿಹೋಗುತ್ತದೆ, ಒತ್ತಬೇಕೆಂಬ ನೆನಪು ಇರಬೇಕಷ್ಟೆ. ಸ್ಥಿರ ಲೆನ್ಸಿಗೆ ಈ ಯಾವ ಉಪದ್ರವವೂ ಇಲ್ಲ. ಅವ್ವನ ಮೊಬೈಲಿನಲ್ಲಿ ಮೊದಲು ತೆರೆಯುವುದು ಅದೇ.

ಈಗ ನಮ್ಮ ಮನೆಯಲ್ಲಿ ಎರಡೂ ಉಳಿದಿವೆ. ಮೋಟಾರ್ ಲೆನ್ಸನ್ನು ಗೇಟಿಗೆ ಎಳೆದು, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಆ್ಯಪ್‌ನಲ್ಲಿ ಮನೆಯವರಿಗೆ ಅದನ್ನು ಅಲುಗಾಡಿಸುವ ಅನುಮತಿ ತೆಗೆದಿದ್ದೇನೆ. ಗೇಟಿನಾಚೆ ಎದುರು ಮನೆಯವರ ಬಾಗಿಲೂ ಅದರಲ್ಲಿ ಕಾಣುತ್ತಿತ್ತು, ಆ ಭಾಗಕ್ಕೆ ಕಪ್ಪು ಮುಸುಕು ಹಾಕಿದ್ದೇನೆ. ಮುಸುಕು ಹಾಕಿದ್ದನ್ನು ಅವರ ಮನೆಗೆ ಹೋಗಿ ತೋರಿಸಿಯೂ ಬಂದೆ, ನೆರೆಹೊರೆಯಲ್ಲಿ ಇದು ಮುಖ್ಯ. ಕಣ ಮತ್ತು ಶೆಡ್ಡನ್ನು ಸ್ಥಿರ ಲೆನ್ಸ್ ಕಾಯುತ್ತದೆ. ಒಂದಕ್ಕೇ ದುಡ್ಡಿದೆ ಎನ್ನುವವರು ಸ್ಥಿರ ಲೆನ್ಸನ್ನೇ ಕೊಳ್ಳಲಿ, ಅದನ್ನು ಗೇಟಿನ ಹತ್ತಿರಕ್ಕೆ ಒಯ್ದು ಹಾಕಲಿ. ಐವತ್ತು ಅಡಿ ವೈರಿನ ಬೆಲೆ ಯಾವ ಆಪ್ಟಿಕಲ್ ಜೂಮ್‌ಗಿಂತಲೂ ಕಡಿಮೆ.

ಅಂಗಡಿಯಲ್ಲಿ ಎಕ್ಸ್‌ಗಳ ಲೆಕ್ಕ ಬಿಟ್ಟು ಲೆನ್ಸ್ ಎಷ್ಟು ಎಂ.ಎಂ. ಎಂದು ಕೇಳಿ. 2.8–12 ಎಂದು ಗೆರೆಯಿಂದ ಜೋಡಿಸಿದ ಎರಡು ಅಂಕಿ ಇದ್ದರೆ ಅದು ಆಪ್ಟಿಕಲ್. 2.8 ಎಂದೋ 4 ಎಂದೋ ಒಂದೇ ಅಂಕಿ ಇದ್ದರೆ, ಡಬ್ಬಿಯ ಮೇಲೆ ಎಷ್ಟೇ ಎಕ್ಸ್ ಬರೆದಿರಲಿ, ಅದು ಡಿಜಿಟಲ್. ಕೂಡಿಸುವ ಚಿಹ್ನೆಯಿಂದ ಎರಡು ಅಂಕಿ ಜೋಡಿಸಿದ್ದರೆ ಎರಡು ಸ್ಥಿರ ಲೆನ್ಸುಗಳ ಕ್ಯಾಮೆರಾ ಎಂದು ತಿಳಿಯಿರಿ. ಎರಡನ್ನೂ ಒಟ್ಟಿಗೆ ದಾಖಲಿಸುತ್ತದೆಯೇ, ಇಲ್ಲವೇ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆಯೇ ಎಂದು ಅಲ್ಲಿಯೇ ಚಾಲೂ ಮಾಡಿಸಿ ನೋಡಿ.