ಮಿಷನರಿ ಹುಡುಗರ ಉಚಿತ ಇಂಗ್ಲಿಷ್ ತರಗತಿ: ಅಮೆರಿಕಕ್ಕೆ ಬಂದ ಹಿರಿಯರಿಗೆ ಎಷ್ಟು ಪ್ರಯೋಜನ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಕೆಲವು ತಿಂಗಳಿಗೆಂದು ಬರುವ ತಂದೆತಾಯಿಯರಲ್ಲಿ ಹಲವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಟಿ.ವಿ.ಯಲ್ಲಿ ಕೇಳಿದ್ದು ಅರ್ಧದಷ್ಟಾದರೂ ತಿಳಿಯುತ್ತದೆ, ಆದರೆ ಔಷಧಿ ಅಂಗಡಿಯ ಕೌಂಟರಿನ ಮುಂದೆ ನಿಂತಾಗ ಮಾತೇ ಹೊರಡುವುದಿಲ್ಲ. ಡಲ್ಲಾಸ್ ಬಳಿಯ ನಮ್ಮ ಮನೆಗೆ ಹಾಸನದಿಂದ ಬಂದ ಅತ್ತೆಯವರ ಸ್ಥಿತಿಯೂ ಇದೇ ಆಗಿತ್ತು. ಅವರಿಗಾಗಿ ನಾವು ಆರಿಸಿಕೊಂಡದ್ದು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, ಅಂದರೆ ಜನ ರೂಢಿಯಲ್ಲಿ ಮಾರ್ಮನ್ ಚರ್ಚ್ ಎನ್ನುವ ಸಂಸ್ಥೆ, ಅನೇಕ ದೇಶಗಳಲ್ಲಿ ನಡೆಸುವ 'ಇಂಗ್ಲಿಷ್ ಕನೆಕ್ಟ್' ಎಂಬ ಉಚಿತ ತರಗತಿಯನ್ನು. ಬೆಂಗಳೂರಿನಲ್ಲಿ ತನ್ನ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿದ್ದು ಇದೇ ಸಂಸ್ಥೆ.

ತರಗತಿ ವಾರಕ್ಕೊಂದು ಸಂಜೆ ಚರ್ಚಿನ ಒಂದು ಕೊಠಡಿಯಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ಧರ್ಮ ಯಾವುದೆಂದು ನಮ್ಮನ್ನು ಯಾರೂ ಕೇಳಲಿಲ್ಲ. ಪ್ರತಿ ಪಾಠದಲ್ಲೂ ಒಂದಿಷ್ಟು ಹೊಸ ಪದಗಳು, ಪ್ರಶ್ನೆ-ಉತ್ತರದ ಕೆಲವು ಮಾದರಿ ವಾಕ್ಯಗಳು, ಅದರ ನಂತರ ಇಬ್ಬಿಬ್ಬರು ಎದುರುಬದುರು ಕುಳಿತು ಮಾತಾಡುವ ಅಭ್ಯಾಸ ಇರುತ್ತವೆ. ಈ ಮೂರನೆಯ ಭಾಗವೇ ತರಗತಿಯ ಜೀವಾಳ. ನಮ್ಮ ಅತ್ತೆಯವರು ಮಾದರಿ ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಂಡು, ಎದುರಿಗೆ ಕುಳಿತ, ಕಲಿಸಲು ಬಂದ ಮಿಷನರಿ ಹುಡುಗನಿಗೆ ತಮ್ಮ ರಕ್ತದೊತ್ತಡದ ಮಾತ್ರೆ ಮುಗಿದಿದೆ ಎಂಬುದನ್ನು ಹೇಳಲು ಹೊರಟು ನಡುವೆ ನಿಂತರು. ಆತ ವಾಕ್ಯವನ್ನು ತಾನೇ ಪೂರ್ತಿ ಮಾಡಲಿಲ್ಲ, ಕೈಗಡಿಯಾರದತ್ತ ಕಣ್ಣು ಹಾಯಿಸಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೂ ನಿಧಾನವಾಗಿ ಕೇಳಿ ಕಾದ. ಮಾತು ಮುಗಿದ ಮೇಲೆ ಅಂಗಡಿಯವನಂತೆ ಜನ್ಮದಿನಾಂಕವನ್ನೂ ಕೇಳಿದ, ಏಕೆಂದರೆ ಇಲ್ಲಿನ ಔಷಧಿ ಅಂಗಡಿಗಳಲ್ಲಿ ಮುಂದಿನ ಪ್ರಶ್ನೆ ಅದೇ. ಮಕ್ಕಳಾದ ನಾವು ಮನೆಯಲ್ಲಿ ಅವರಿಗೆ ಕೊಡಲಾಗದೆ ಹೋದದ್ದು ಇಂಥ ತಾಳ್ಮೆಯನ್ನೇ.

ಈ ತಾಳ್ಮೆ ಎಲ್ಲಿಂದ ಬರುತ್ತದೆ, ತರಗತಿಯ ಮಿತಿಗಳೇನು ಎಂಬುದು ಅರ್ಥವಾಗಬೇಕಾದರೆ ಕಲಿಸುವವರ ವಾರ ಹೇಗಿರುತ್ತದೆ ಎಂಬುದನ್ನು ತಿಳಿಯಬೇಕು. ಇವರು ಸಂಬಳದ ಶಿಕ್ಷಕರಲ್ಲ. ಹುಡುಗರು 18 ತುಂಬಿದ ಮೇಲೆ 24 ತಿಂಗಳು, ಹುಡುಗಿಯರು 18 ತಿಂಗಳು ಧರ್ಮಪ್ರಚಾರಕ್ಕೆಂದು ಮನೆ ಬಿಟ್ಟು ಬರುತ್ತಾರೆ. ಎಲ್ಲಿಗೆ ಹೋಗಬೇಕೆಂಬುದನ್ನು ಚರ್ಚ್ ನಿರ್ಧರಿಸುತ್ತದೆ. ಅಮೆರಿಕದ ಹುಡುಗರ ಖರ್ಚಿಗೆಂದು ಅವರು ಅಥವಾ ಅವರ ಮನೆಯವರು ತಿಂಗಳಿಗೆ ಕಟ್ಟುತ್ತಿದ್ದ 400 ಡಾಲರ್ 2020ರ ಜುಲೈನಿಂದ 500 ಆಯಿತು. ಎದೆಯ ಮೇಲಿನ ಕಪ್ಪು ಫಲಕದಲ್ಲಿ ಚರ್ಚಿನ ಹೆಸರಿನ ಜೊತೆಗೆ ಎಲ್ಡರ್ ಅಥವಾ ಸಿಸ್ಟರ್ ಎಂಬ ಪದ, ಮನೆತನದ ಹೆಸರು ಇರುತ್ತವೆ, ಸ್ವಂತ ಹೆಸರಿರುವುದಿಲ್ಲ, ಕರೆಯುವುದೂ ಹಾಗೆಯೇ. ಬೆಳಿಗ್ಗೆ ಆರೂವರೆಗೆ ಎದ್ದು ವ್ಯಾಯಾಮ, ಪ್ರಾರ್ಥನೆ, ಗ್ರಂಥಾಧ್ಯಯನ ಮುಗಿಸಿ ಹೊರಬಿದ್ದರೆ ಮರಳಿ ಮನೆ ಸೇರುವುದು ರಾತ್ರಿ ಒಂಬತ್ತರ ಸುಮಾರಿಗೆ. ಹತ್ತೂವರೆಯೊಳಗೆ ದೀಪ ಆರಬೇಕು. ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಆ ಜೊತೆಗಾರನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ.

ಸಾಮಾನ್ಯವಾಗಿ ಸೋಮವಾರ ಅವರ ಸಿದ್ಧತೆಯ ದಿನ. ಬಟ್ಟೆ ಒಗೆಯುವುದು, ದಿನಸಿ ತರುವುದು, ತಲೆಗೂದಲು ಕತ್ತರಿಸಿಕೊಳ್ಳುವುದು, ತಾಯಿತಂದೆಯರೊಡನೆ ಮಾತಾಡುವುದು ಎಲ್ಲವೂ ಅಂದೇ ಮುಗಿಯಬೇಕು, ಸಂಜೆಗೆ ಮತ್ತೆ ಕೆಲಸ ಶುರು. ಮನೆಗೆ ವಾರವಾರವೂ ಫೋನ್ ಮಾಡಬಹುದೆಂಬ ಅನುಮತಿ ಬಂದದ್ದೂ 2019ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಕ್ರಿಸ್‌ಮಸ್ ಮತ್ತು ತಾಯಂದಿರ ದಿನಗಳಂದು ಮಾತ್ರ ಮನೆಯವರ ದನಿ ಕೇಳುವ ಭಾಗ್ಯವಿತ್ತು. ಉಳಿದ ದಿನಗಳಲ್ಲಿ ಆಸಕ್ತಿ ತೋರಿದವರಿಗೆ ಧರ್ಮಬೋಧೆ, ಹೊಸಬರ ಭೇಟಿ, ಸುತ್ತಮುತ್ತಲಿನ ಮಿಷನರಿಗಳ ಸಭೆ, ಮನೆ ಬದಲಿಸುವವರಿಗೆ ಸಾಮಾನು ಹೊತ್ತುಕೊಡುವಂಥ ಸೇವೆ, ಭಾನುವಾರ ಆರಾಧನೆ. ಟೆಕ್ಸಾಸಿನ ಆಗಸ್ಟ್ ಬಿಸಿಲಿನಲ್ಲಿ ಹಗಲೆಲ್ಲ ತಿರುಗಿ, ಬಹುಪಾಲು ಮನೆಗಳಲ್ಲಿ ಬೇಡವೆನ್ನಿಸಿಕೊಂಡು ಬಂದ ಹುಡುಗ ಸಂಜೆ ತರಗತಿಯಲ್ಲಿ ಒಬ್ಬ ಅಜ್ಜಿಯ ವಾಕ್ಯ ಪೂರ್ಣವಾಗುವುದನ್ನು ಕಾಯುತ್ತಾನೆಂದರೆ, ಅದು ನನ್ನ ದೃಷ್ಟಿಯಲ್ಲಿ ಸಣ್ಣ ಗುಣವಲ್ಲ.

ಅದೇ ವ್ಯವಸ್ಥೆ ತರಗತಿಯ ದೊಡ್ಡ ಮಿತಿಯೂ ಹೌದು. ಸುಮಾರು ಆರು ವಾರಗಳಿಗೊಮ್ಮೆ ವರ್ಗಾವಣೆಯ ಸರದಿ ಬರುತ್ತದೆ. ಪ್ರತಿ ಸಲವೂ ಎಲ್ಲರೂ ಹೋಗುವುದಿಲ್ಲ, ಆದರೆ ಒಬ್ಬ ಹೋದರೂ ವಿದ್ಯಾರ್ಥಿಯ ಉಚ್ಚಾರಣೆ, ಸಂಕೋಚ, ಅವರು ಎಡವುವ ಜಾಗಗಳನ್ನೆಲ್ಲ ಬಲ್ಲವನೇ ಹೋದಂತಾಗುತ್ತದೆ. ಹಿರಿಯರಿಗೆ ಹೊಸ ಮುಖದ ಮುಂದೆ ಮತ್ತೆ ಮಾತು ಬಿಚ್ಚುವುದು ಸುಲಭವಲ್ಲ. ಹಳೆಯ ಶಿಕ್ಷಕ ಹೊಸಬನಿಗೆ ಪ್ರತಿಯೊಬ್ಬರ ಬಗ್ಗೆಯೂ ನಾಲ್ಕು ಸಾಲು ಬರೆದಿಟ್ಟು ಹೋಗುವ ಪದ್ಧತಿ ಎಲ್ಲೆಡೆ ಬಂದರೆ ಬಹಳ ಉಪಕಾರವಾದೀತು. ಎರಡನೆಯದಾಗಿ, ಇವರು ಇಂಗ್ಲಿಷನ್ನು ಮನೆಮಾತಾಗಿ ಬಲ್ಲವರೇ ಹೊರತು ಭಾಷಾಬೋಧನೆಯನ್ನು ವೃತ್ತಿಯಾಗಿ ಕಲಿತವರಲ್ಲ. ಯಾವುದು ಸರಿ ಎಂಬುದು ತಕ್ಷಣ ಗೊತ್ತಾಗುತ್ತದೆ, ಏಕೆ ಸರಿ ಎಂಬುದನ್ನು ವಿವರಿಸುವಾಗ ತೊಡಕುತ್ತಾರೆ. ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಗೆ ಓದುವವರು, ಕೆಲಸದ ಸಂದರ್ಶನಕ್ಕೆ ಸಿದ್ಧರಾಗುವವರು ಕಮ್ಯುನಿಟಿ ಕಾಲೇಜಿನ ತರಗತಿಗಳನ್ನು ನೋಡುವುದು ಒಳ್ಳೆಯದು.

ಧರ್ಮದ ವಿಷಯವನ್ನು ಬಿಡಿಸಿ ಹೇಳದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗದು. ನಾವು ಹೋದ ತರಗತಿ ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದ ಮುಗಿಯುತ್ತಿತ್ತು. ಪಾಠಗಳಲ್ಲೂ 'ಕಲಿಕೆಯ ತತ್ತ್ವ' ಎಂಬ ಹೆಸರಿನಲ್ಲಿ ದೇವರು, ನಂಬಿಕೆಗಳ ಕುರಿತ ಚಿಂತನೆಗಳು ಸೇರಿವೆ. ತಮ್ಮ ಧರ್ಮದ ಬಗ್ಗೆ ಕೇಳುವ ಮನಸ್ಸಿದೆಯೇ ಎಂದು ಹುಡುಗರು ಒಂದಲ್ಲ ಒಂದು ದಿನ ಕೇಳುತ್ತಾರೆ. ಅವರು ಮನೆ ಬಿಟ್ಟು ಬಂದಿರುವುದೇ ಅದಕ್ಕಾಗಿ. ನಮ್ಮ ಅತ್ತೆಯವರು ತಮಗೆ ತಮ್ಮ ಪೂಜೆ ಸಾಕೆಂದು ನಗುತ್ತಲೇ ಹೇಳಿದರು. ಆ ಮೇಲೂ ಕಲಿಸುವ ರೀತಿಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇಷ್ಟಾದರೂ ಸಂಕೋಚದ ಸ್ವಭಾವದ ಹಿರಿಯರನ್ನು ಕಳುಹಿಸುವವರು ಮೊದಲ ದಿನ ತಾವೂ ಜೊತೆಗೆ ಹೋಗಿ, ಭಾಷೆ ಕಲಿಯುವುದಷ್ಟೇ ಉದ್ದೇಶವೆಂದು ಸ್ಪಷ್ಟವಾಗಿ ಹೇಳಿ ಬರಬೇಕು. ಚರ್ಚಿನ ಆವರಣವೇ ಮುಜುಗರವೆನ್ನಿಸುವವರಿಗೆ ಸಾರ್ವಜನಿಕ ಗ್ರಂಥಾಲಯದ ಸಂಭಾಷಣಾ ಗುಂಪುಗಳೇ ಸೂಕ್ತ.

ಕೃತಜ್ಞತೆಗೆ ಊಟಕ್ಕೆ ಕರೆಯುವ ಮನಸ್ಸಾದರೆ ಎರಡು ಸಂಗತಿ ನೆನಪಿರಲಿ. ಕಾಫಿ, ಟೀ, ಮದ್ಯ ಮೂರೂ ಅವರಿಗೆ ನಿಷಿದ್ಧ. ನಮ್ಮ ಮನೆಯಲ್ಲಿ ಬಿಸಿಬೇಳೆಬಾತಿನ ಜೊತೆಗೆ ಮಜ್ಜಿಗೆ ಕೊಟ್ಟೆವು, ಇಬ್ಬರೂ ಎರಡೆರಡು ಲೋಟ ಕುಡಿದರು. ಮನೆಯಲ್ಲಿ ಹೆಂಗಸರು ಮಾತ್ರ ಇರುವ ಹೊತ್ತಿನಲ್ಲಿ ಹುಡುಗರು ಒಳಗೆ ಬರುವುದಿಲ್ಲ, ಆದ್ದರಿಂದ ಗಂಡಸರೊಬ್ಬರು ಇರುವ ಸಮಯಕ್ಕೇ ಕರೆಯಬೇಕು. ತರಗತಿಯ ದಿನ, ಹೊತ್ತು ಊರಿಂದ ಊರಿಗೆ ಬದಲಾಗುತ್ತವೆ. ವಿಚಾರಿಸಲು ಫೋನ್ ಮಾಡುವವರು ಸೋಮವಾರದ ಹಗಲನ್ನು ಬಿಟ್ಟು ಬೇರೆ ದಿನ ಮಾಡಿ.